ಅಂಚಿನ ನಡುಕ

ಜನವರಿ 9

ಅಣ್ಣಾ,

ನಿಮ್ಮ ಮೈದಾನಕ್ಕೆ ಬರಲಿರುವ ಹೊಸ ಪ್ಯಾರಾಚೂಟ್ ನಿನಗಿಂತ ಮೊದಲು ನನ್ನ ಮೇಜಿಗೆ ಬಂದಿದೆ. ಬಟ್ಟೆಯಲ್ಲ, ಅದರ ಅಳತೆ, ತೂಕ, ಹೊಲಿಗೆಯ ನಕ್ಷೆ ಮಾತ್ರ. ನೀವು ಅದನ್ನು ಕಟ್ಟಿಕೊಂಡು ವಿಮಾನದಿಂದ ಹಾರುವ ಮೊದಲು ನಾನು ಅದನ್ನು ಕಂಪ್ಯೂಟರಿನೊಳಗೆ ಬಿಚ್ಚಿ ನೋಡಬೇಕು. ಗಾಳಿ ಬಟ್ಟೆಯನ್ನು ಹೇಗೆ ಉಬ್ಬಿಸುತ್ತದೆ, ಉಬ್ಬಿದ ಬಟ್ಟೆ ಗಾಳಿಯ ದಾರಿಯನ್ನು ಹೇಗೆ ತಿರುಗಿಸುತ್ತದೆ ಅಂತ ಲೆಕ್ಕ ಮಾಡುವುದೇ ನನ್ನ ಹೊಟ್ಟೆಪಾಡು ಅನ್ನುವುದು ನಿನಗೆ ಗೊತ್ತಲ್ಲ. ಇಷ್ಟು ವರ್ಷ ಯಾರ್ಯಾರೋ ಹಾರುವ ಪ್ಯಾರಾಚೂಟ್‌ಗಳ ಲೆಕ್ಕ ಮಾಡಿದೆ. ಒಡಹುಟ್ಟಿದವನು ನೇತಾಡುವಂಥದ್ದು ಇದೇ ಮೊದಲು.

ಅಮ್ಮನಿಗೆ ಹೇಳಿಲ್ಲ. ಅವಳ ಲೆಕ್ಕದಲ್ಲಿ ನೀನು ಇನ್ನೂ ಕೆಳಗೆ ನಿಂತು ದುರ್ಬೀನು ಹಿಡಿದು ನೋಡುವವನು. ಹಾಗೇ ಇರಲಿ.

ಒಂದು ಕೆಲಸ ಮಾಡಿಕೊಡು. ಮೈದಾನದ ಕ್ಯಾಮೆರಾದಲ್ಲಿ ಬಿಸಿಲು ಬಿದ್ದು ಬಟ್ಟೆಯ ಅಂಚು ಸರಿಯಾಗಿ ಕಾಣುವುದಿಲ್ಲ. ಹಗ್ಗಕ್ಕೆ ಕಟ್ಟುವ ಮಾಪಕ ಒಟ್ಟು ಎಳೆತ ಎಷ್ಟು ಅಂತ ಹೇಳಿ ಸುಮ್ಮನಾಗುತ್ತದೆ. ಆದ್ದರಿಂದ ನಿನ್ನ ಕಣ್ಣು ನನಗೆ ಬೇಕು. ಕಂಡದ್ದನ್ನು ಕಂಡ ಹಾಗೆ ಬರಿ, ನಿನ್ನ ಮಾಮೂಲಿ ಒಗ್ಗರಣೆ ಹಾಕಬೇಡ.

ನಿನ್ನ ತಂಗಿ


ಜನವರಿ 21

ಲೆಕ್ಕದಮ್ಮನಿಗೆ,

ನಾನು ಚೆನ್ನಾಗಿದ್ದೇನೆ, ನೀವೂ ಚೆನ್ನಾಗಿರಲೇಬೇಕು, ಇಲ್ಲದಿದ್ದರೆ ನನಗೆ ತಿಳಿಯುವಷ್ಟರಲ್ಲಿ ವಾಸಿಯೂ ಆಗಿರುತ್ತದೆ. ಫೋನನ್ನು ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ. ಕಾಗದ ವಾರಕ್ಕೊಂದು ಸಾಮಾನು ಗಾಡಿಯಲ್ಲಿ ಹೋಗಬೇಕು, ಅದರ ಡ್ರೈವರಿಗೆ ನೆನಪಿದ್ದರೆ.

ನನ್ನ ಕೋಣೆಗೆ ಹೊಸ ಜೊತೆಗಾರ ಬಂದಿದ್ದಾನೆ. ಅವನೂ ಹಾರುವವನೇ. ಎತ್ತರ ಎಷ್ಟೆಂದರೆ ಮಂಚ ಸಾಲದೆ ತುದಿಗೊಂದು ಸ್ಟೂಲ್ ಇಟ್ಟು ಕಾಲು ಚಾಚುತ್ತಾನೆ. ಎಲ್ಲರೂ ಉದ್ದಣ್ಣ ಅನ್ನುತ್ತಾರೆ, ನಾನೂ ಅನ್ನುತ್ತೇನೆ, ನನಗಿಂತ ಆರು ವರ್ಷ ಚಿಕ್ಕವನಾದರೂ. ಅವನಿಗೆ ಪ್ರತಿ ಗಾಡಿಯಲ್ಲೂ ಹೆಂಡತಿಯಿಂದ ಕಾಗದ ಬರುತ್ತದೆ. ನನಗೆ ನಿನ್ನದು ಬಂದ ದಿನ "ಅಬ್ಬಾ, ನಿನಗೂ ಒಬ್ಬರಿದ್ದಾರಾ?" ಅಂದ. ತಂಗಿ, ನಮ್ಮ ಪ್ಯಾರಾಚೂಟಿನ ಲೆಕ್ಕ ಮಾಡುವವಳೇ ಅವಳು ಅಂದೆ. ಅವತ್ತಿನಿಂದ ನಿನ್ನ ಮೇಲೆ ಬಹಳ ಗೌರವ.

ಮರಳು ಮೂಟೆ ಕಟ್ಟಿ ಎರಡು ಸಲ ಕೆಳಗೆ ಬಿಟ್ಟೆವು. ಇಳಿಯಿತು. ಮೂಟೆ ಏನೂ ದೂರು ಹೇಳಲಿಲ್ಲ. ನನ್ನ ಸರದಿ ಮುಂದಿನ ತಿಂಗಳು.

ಒಂದು ಸಂಶಯ. ಎರಡು ಪ್ರೋಗ್ರಾಂ ಇಟ್ಟುಕೊಂಡು ಒದ್ದಾಡುತ್ತಿದ್ದೇನೆ ಅಂತ ನೀನು ಹಿಂದೆ ಹೇಳಿದ್ದೆ. ಗಾಳಿ, ಬಟ್ಟೆ ಎರಡೂ ಒಂದೇ ಕಡೆ ಇರುವಾಗ ಎರಡು ಯಾಕೆ? ನಮ್ಮಂಥವರಿಗೆ ತಿಳಿಯುವ ಹಾಗೆ ಬರಿ. ಉದ್ದಣ್ಣನಿಗೂ ಓದಿ ಹೇಳಬೇಕು.

ನಿನ್ನಣ್ಣ


ಫೆಬ್ರವರಿ 2

ಅಣ್ಣಾ,

ಉದ್ದಣ್ಣನವರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಒಂದು ಪ್ರೋಗ್ರಾಂಗೆ ಗಾಳಿ ಮಾತ್ರ ಗೊತ್ತು, ಇನ್ನೊಂದಕ್ಕೆ ಬಟ್ಟೆ ಮಾತ್ರ. ಎರಡನ್ನೂ ಬೇರೆ ಬೇರೆ ಜನ, ಬೇರೆ ಬೇರೆ ಕಾಲದಲ್ಲಿ ಬರೆದಿದ್ದು. ನಾವು ಅವೆರಡರ ನಡುವೆ ಮಾತುಕತೆ ಏರ್ಪಡಿಸುತ್ತೇವೆ. ಸೆಕೆಂಡನ್ನು ಸಾವಿರಾರು ಚೂರು ಮಾಡುತ್ತೇವೆ. ಒಂದೊಂದು ಚೂರಿನಲ್ಲೂ ಗಾಳಿ "ನಾನು ಇಲ್ಲಿ ಇಷ್ಟು ಒತ್ತುತ್ತಿದ್ದೇನೆ" ಅನ್ನುತ್ತದೆ. ಬಟ್ಟೆ ಜರುಗಿ "ಹಾಗಾದರೆ ನಾನೀಗ ಇಲ್ಲಿದ್ದೇನೆ" ಅನ್ನುತ್ತದೆ. ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪುವ ಹೊತ್ತಿಗೆ ಒಂದು ಚೂರು ಹಳೆಯದಾಗಿರುತ್ತದೆ. ಹಳೇ ಸುದ್ದಿಯನ್ನೇ ನಂಬಿಕೊಂಡು ಎರಡೂ ಮುಂದೆ ಹೋಗಬೇಕು. ನಮ್ಮ ಕಾಗದಗಳ ಹಾಗೆಯೇ.

ಬಟ್ಟೆ ಭಾರವಾಗಿದ್ದರೆ ಇದರಿಂದ ತೊಂದರೆಯಿಲ್ಲ. ನಿಮ್ಮ ಹೊಸ ಬಟ್ಟೆ ತೀರಾ ಹಗುರ. ಅದರೊಳಗೆ ಸಿಕ್ಕಿಕೊಂಡ ಗಾಳಿಯೇ ಬಟ್ಟೆಗಿಂತ ಎಷ್ಟೋ ಪಟ್ಟು ತೂಕ. ಆಗ ಸುದ್ದಿಯಲ್ಲಿ ಎಳ್ಳಷ್ಟು ತಪ್ಪಿದ್ದರೂ ಬಟ್ಟೆ ಒಂದು ಕಡೆಗೆ ಹಾರುತ್ತದೆ, ಗಾಳಿ ಗಾಬರಿಯಾಗಿ ಇನ್ನೊಂದು ಕಡೆಗೆ ತಳ್ಳುತ್ತದೆ, ಅಂಚು ಗಡಗಡ ನಡುಗಿ ಕೊನೆಗೆ ಇಡೀ ಲೆಕ್ಕ ಚಿಂದಿಯಾಗುತ್ತದೆ. ಹೋದ ವಾರವಿಡೀ ಇದೇ ಆಯಿತು. ಈ ಕೆಲಸದವರಿಗೆಲ್ಲ ಗೊತ್ತಿರುವ ಕಾಯಿಲೆ ಇದು, ಔಷಧಿಯೂ ಗೊತ್ತು. ಬಟ್ಟೆಗೆ ಒಂದಿಷ್ಟು ಸುಳ್ಳು ಮಂದತನ ಸೇರಿಸುತ್ತೇವೆ, ಜೇನುತುಪ್ಪದಲ್ಲಿ ಅಲ್ಲಾಡುತ್ತಿದೆಯೋ ಅನ್ನುವ ಹಾಗೆ. ಸೇರಿಸಿದೆ. ನಡುಕ ನಿಂತಿತು. ಬಟ್ಟೆ ಚೆನ್ನಾಗಿ ಅರಳಿತು. ನಮ್ಮ ಮೇಲಧಿಕಾರಿ ಬಂದು ನೋಡಿ, ಅಪರೂಪಕ್ಕೆ ನಕ್ಕರು.

ಹೋದ ತಿಂಗಳು ನನಗೆ ಹಿಡಿದ ಶೀತ ಇನ್ನೂ ಬಿಟ್ಟಿಲ್ಲ. ಕಂಪ್ಯೂಟರಿಗೆ ಸೆಕೆ ಆಗಬಾರದು ಅಂತ ಕಿಟಕಿಯಿಲ್ಲದ ಈ ಕೋಣೆಯನ್ನು ಐಸ್ ಪೆಟ್ಟಿಗೆ ಮಾಡಿಟ್ಟಿದ್ದಾರೆ.

ನಿನ್ನ ತಂಗಿ


ಫೆಬ್ರವರಿ 15

ಲೆಕ್ಕದಮ್ಮ,

ಹಾರಿದೆ. ಮೂರು ಸಲ. ತಣ್ಣಗೆ ಇಳಿದೆ. ಬಟ್ಟೆ ಒಳ್ಳೆಯದು, ಹಳೆಯದರ ಹಾಗೆ ಭುಜ ಕಿತ್ತು ಬರುವಂತೆ ಎಳೆಯುವುದಿಲ್ಲ. ಇದೆಲ್ಲ ನಿಧಾನ ಹೋಗುವ ವಿಮಾನದಿಂದ. ಪೂರ್ತಿ ವೇಗದಲ್ಲಿ, ಪೂರ್ತಿ ಭಾರ ಹೊತ್ತು ಹಾರುವುದು ಏಪ್ರಿಲ್‌ನಲ್ಲಿ. ಆ ಸರದಿಯೂ ನನಗೇ ಬಂದಿದೆ.

ಕ್ವಾರ್ಟರ್ಸಿನ ನಲ್ಲಿ ಕೆಟ್ಟಿದೆ. ಉದ್ದಣ್ಣ ರಿಪೇರಿ ಮಾಡಲು ಹೋಗಿ ಪೂರ್ತಿ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ. ಈಗ ಪಕ್ಕದ ಮನೆಯಿಂದ ಬಕೆಟ್‌ನಲ್ಲಿ ತರುತ್ತಿದ್ದೇವೆ.

ಅಪ್ಪನಿಗೆ ಕೈ ನಡುಕ ಶುರುವಾದದ್ದು ಎಷ್ಟನೇ ವಯಸ್ಸಿಗೆ? ಅಮ್ಮನನ್ನು ಕೇಳಿ ಬರಿ. ಏನಿಲ್ಲ, ಉದ್ದಣ್ಣನ ಹತ್ತಿರ ಅಪ್ಪನ ಗಡಿಯಾರದ ಅಂಗಡಿಯ ಮಾತು ಬಂತು, ಅದಕ್ಕೆ.

ನಿನ್ನಣ್ಣ


ಫೆಬ್ರವರಿ 27

ಅಣ್ಣಾ,

ಅಮ್ಮನನ್ನು ಕೇಳಿದೆ. ನಲವತ್ತೆರಡಕ್ಕಂತೆ. ಮೊದಲು ಯಾರಿಗೂ ಹೇಳಲಿಲ್ಲವಂತೆ. ರಿಪೇರಿಗೆ ಬಂದ ಗಡಿಯಾರದ ಮುಳ್ಳು ಮುರಿದು, ಗಿರಾಕಿ ಬಾಯಿಗೆ ಬಂದಂತೆ ಬೈದ ಮೇಲೆಯೇ ಮನೆಯಲ್ಲಿ ಗೊತ್ತಾದದ್ದು. ಹೇಳುತ್ತಾ ಅಮ್ಮ ಕಣ್ಣೊರೆಸಿಕೊಂಡಳು. ನಿನಗೆ ಇದೆಲ್ಲ ಈಗ ಯಾಕೆ ಬೇಕಾಯಿತೋ.

ನನ್ನ ಪ್ರಶ್ನೆಗೆ ನೀನು ಸರಿಯಾಗಿ ಉತ್ತರಿಸಿಲ್ಲ. ತಣ್ಣಗೆ ಇಳಿದೆ ಅಂದರೆ ನಾನೇನು ತಿಳಿದುಕೊಳ್ಳಲಿ? ಬಟ್ಟೆ ಬಿಚ್ಚಿಕೊಂಡ ಮೇಲೆ ಯಾವುದಾದರೂ ನಡುಕ ಗೊತ್ತಾಯಿತೇ? ಹೌದು ಅಥವಾ ಇಲ್ಲ ಅಂತ ಬರಿ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಯಾಕೆ ಕೇಳುತ್ತಿದ್ದೇನೆ ಅಂತ ಆಮೇಲೆ ಹೇಳುತ್ತೇನೆ.

ನಿನ್ನ ತಂಗಿ


ಮಾರ್ಚ್ 10

ತಂಗಿಗೆ,

ಇಲ್ಲ. ಯಾವ ನಡುಕವೂ ಇಲ್ಲ. ಬಟ್ಟೆಯೂ ಗಟ್ಟಿಯಾಗಿದೆ, ಹಾರುವವನೂ ಗಟ್ಟಿಯಾಗಿದ್ದಾನೆ. ಯಾರಾದರೂ ಬೇರೆ ಏನಾದರೂ ಹೇಳಿದ್ದರೆ ಕಿವಿಗೆ ಹಾಕಿಕೊಳ್ಳಬೇಡ.

ಅಮ್ಮನ ಹತ್ತಿರ ಇನ್ನು ಅಪ್ಪನ ವಿಷಯ ಎತ್ತಬೇಡ.

ಅಣ್ಣ


ಮಾರ್ಚ್ 20

ಅಣ್ಣಾ,

ನೀನು ಅಷ್ಟು ಒರಟಾಗಿ ಬರೆದದ್ದಕ್ಕೆ ಬೇಜಾರಾಗಬೇಕಿತ್ತು. ಆಗಲಿಲ್ಲ. ಆ ಒಂದು "ಇಲ್ಲ" ಓದಿ ಎದೆಯ ಮೇಲಿದ್ದ ಕಲ್ಲು ಇಳಿಸಿದಂತಾಯಿತು. ರಿಪೋರ್ಟು ಮೇಜಿನ ಮೇಲೆ ಕೂತಿತ್ತು, ಮೇಲಧಿಕಾರಿ ದಿನಾ ಬಂದು ಕೆಮ್ಮಿ ಹೋಗುತ್ತಿದ್ದರು. ಇವತ್ತು ಬೆಳಿಗ್ಗೆ ಸಹಿ ಹಾಕಿದೆ. ಪೂರ್ತಿ ವೇಗದ ಹಾರಾಟ ಏಪ್ರಿಲ್ 11ಕ್ಕೆ ಅಂತ ನಿಶ್ಚಯವಾಗಿದೆ. ನಿನಗೂ ಹೇಳಿರುತ್ತಾರೆ.

ಅಮ್ಮ ನಿನಗೆ ಒಂದು ಜೊತೆ ಕಾಲುಚೀಲ ಹೆಣೆದಿದ್ದಾಳೆ. ದುರ್ಬೀನು ಹಿಡಿದು ನಿಂತರೆ ಕಾಲಿಗೆ ಚಳಿ ಹತ್ತುತ್ತದಂತೆ. ಜೊತೆಯಲ್ಲಿ ಕಳಿಸಿದ್ದೇನೆ.

ನಿನ್ನ ತಂಗಿ


ಏಪ್ರಿಲ್ 1

ತಂಗಿಗೆ,

ಕಾಲುಚೀಲ ಸರಿಯಾಗಿದೆ. ಅಮ್ಮನಿಗೆ ಹೇಳು.

ಹೋದ ಸಲ ನಿನಗೆ ಸುಳ್ಳು ಬರೆದೆ. ಮೂರೂ ಹಾರಾಟದಲ್ಲಿ ನಡುಕ ಇತ್ತು. ಬಟ್ಟೆ ಬಿಚ್ಚಿಕೊಂಡು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಶುರು. ಅಂಗೈಯಲ್ಲಿ, ಆಮೇಲೆ ಮೊಣಕೈ, ಭುಜ. ಅಮ್ಮನ ಹೊಲಿಗೆ ಮೆಷಿನ್ ಜೋರಾಗಿ ಓಡುವಾಗ ಅದರ ಮೇಲೆ ಕೈ ಇಟ್ಟರೆ ಹೇಗಿರುತ್ತದೋ ಹಾಗೆ. ನೆಲ ಹತ್ತಿರವಾಗುವಷ್ಟರಲ್ಲಿ ನಿಂತುಹೋಗುತ್ತಿತ್ತು. ನನಗೆ ಈಗ ನಲವತ್ತೊಂದು. ಅಪ್ಪನ ಕೈ ನೆನಪಾಯಿತು. ನೀನು ಅಪ್ಪನ ವಯಸ್ಸು ಬರೆದು ಅದೇ ಕಾಗದದಲ್ಲಿ ನಡುಕದ ಮಾತೆತ್ತಿದಾಗ, ಬಟ್ಟೆಯ ನೆಪ ಮಾಡಿ ನನ್ನನ್ನೇ ತಡಕುತ್ತಿದ್ದೀಯ ಅಂದುಕೊಂಡೆ. ಒಂದು ಸಲ ಡಾಕ್ಟರ ಕಿವಿಗೆ ಬಿದ್ದರೆ ಮತ್ತೆ ಹಾರಲು ಬಿಡುವುದಿಲ್ಲ. ಹಾರುವುದು ಬಿಟ್ಟು ನನಗೆ ಬೇರೆ ಏನು ಬರುತ್ತದೆ ಹೇಳು.

ನೀನು ಸಹಿ ಹಾಕಿದೆ ಅಂತ ಓದಿದ ಮೇಲೆ ಒಂದು ವಿಷಯ ಖಚಿತವಾಯಿತು. ಲೆಕ್ಕದಲ್ಲಿ ಬಟ್ಟೆ ನಡುಗುವುದಿಲ್ಲ. ಹಾಗಾದರೆ ನಡುಗುವುದು ನಾನೇ. ಪೂರ್ತಿ ವೇಗದಲ್ಲಿ ಈ ಕೈ ಕೈಕೊಟ್ಟರೆ ನಾನು ಸಾಯುತ್ತೇನೆ, ನಿಮ್ಮ ಬಟ್ಟೆಗೆ ಕೆಟ್ಟ ಹೆಸರು. ನಿನ್ನೆ ನಾನಾಗಿಯೇ ಹೋಗಿ ಡಾಕ್ಟರಿಗೆ ಹೇಳಿದೆ. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುತ್ತಾರಂತೆ, ಅಲ್ಲಿಯವರೆಗೆ ಹಾರುವ ಹಾಗಿಲ್ಲ. ಹನ್ನೊಂದನೇ ತಾರೀಖು ನನ್ನ ಬದಲು ಉದ್ದಣ್ಣ ಹಾರುತ್ತಾನೆ.

ಹೇಳಿದ ಮೇಲೆ ಹಗುರಾಯಿತು. ಬೇಜಾರೂ ಆಯಿತು. ನಿನ್ನೆ ಮಧ್ಯಾಹ್ನ ಉದ್ದಣ್ಣ ನನ್ನ ಬೂಟಿಗೂ ಪಾಲಿಶ್ ಹಾಕಿಟ್ಟ.

ನಿನ್ನಣ್ಣ


ಏಪ್ರಿಲ್ 12

ಅಣ್ಣಾ,

ಈ ಕಾಗದ ಯಾರಿಗೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ನಿನ್ನೆ ಸಂಜೆ ಮೈದಾನದಿಂದ ಆಫೀಸಿಗೆ ಸುದ್ದಿ ಬಂತು. ಬಟ್ಟೆ ಅರ್ಧಕ್ಕೆ ಮಡಚಿಕೊಂಡಿತು, ಹಾರಿದವರು ತೀರಿಕೊಂಡರು, ಅಷ್ಟೇ. ಹೆಸರು ಹೇಳುವ ಹಾಗಿಲ್ಲವಂತೆ. ಹಾರುವ ಸರದಿ ನಿನ್ನದು ಅಂತ ನನಗೆ ಗೊತ್ತಿತ್ತು. ಮೇಲಧಿಕಾರಿಯ ಕಾಲು ಹಿಡಿಯುವುದೊಂದು ಬಾಕಿ. ಅವರು ನನ್ನ ಮುಖ ನೋಡದೆ "ಮನೆಗೆ ಹೋಗಮ್ಮಾ" ಅಂದರು. ಮನೆಗೆ ಹೋಗಿ ಅಮ್ಮನ ಎದುರು ಕೂತು ಊಟ ಮಾಡಿದೆ. ಅನ್ನ ಕಲಸುತ್ತಾ ಮೂಗು ಒರೆಸಿಕೊಳ್ಳುತ್ತಲೇ ಇದ್ದೆ. "ಶೀತ ಇನ್ನೂ ಹೋಗಿಲ್ವಾ?" ಅಂದಳು.

ಮಧ್ಯಾಹ್ನ

ನಿನ್ನ ಕಾಗದ ಈಗ ಬಂತು. ನೀನಲ್ಲ. ಅಂಚೆಯವನ ಎದುರೇ ಬಾಗಿಲಲ್ಲಿ ಕೂತು ಅತ್ತೆ. ಸಂತೋಷಕ್ಕೆ ಅತ್ತೆ ಅಣ್ಣಾ. ಸ್ಟೂಲಿನ ಮೇಲೆ ಕಾಲು ಚಾಚಿ ಮಲಗುತ್ತಿದ್ದವರು ಸತ್ತದ್ದಕ್ಕೆ ನಾನು ಸಂತೋಷಪಟ್ಟೆ. ನನ್ನಂಥ ಪಾಪಿ ಇನ್ನೊಬ್ಬಳಿಲ್ಲ.

ಆಮೇಲೆ ಹೊಲಿಗೆ ಮೆಷಿನ್ ಅಂತ ಬರೆದಿದ್ದನ್ನು ಇನ್ನೊಂದು ಸಲ ಓದಿದೆ. ಹರಿದ ದಿಂಬಿನ ಚೀಲವನ್ನು ಅಮ್ಮನ ಕೈಗೆ ಕೊಟ್ಟು, ಈಗಲೇ ಹೊಲಿದುಕೊಡು ಅಂದೆ. ಅವಳು ತುಳಿಯುವಾಗ ಮೆಷಿನಿನ ಮೇಲೆ ಅಂಗೈ ಇಟ್ಟೆ. ಸೆಕೆಂಡಿಗೆ ಏಳೆಂಟು ಸಲ. ನನಗೆ ಆ ನಡುಕ ಗೊತ್ತು. ನನ್ನ ಪರದೆಯ ಮೇಲೆ ಅದನ್ನು ನೋಡಿದ್ದೇನೆ.

ನಾನೂ ನಿನಗೆ ಒಂದು ಮಾತು ಮುಚ್ಚಿಟ್ಟೆ. ಅಂಚು ನಡುಗುವುದು ಲೆಕ್ಕದ ಕಾಯಿಲೆಯೋ ಬಟ್ಟೆಯದೇ ಗುಣವೋ ಅಂತ ಕಂಡುಹಿಡಿಯಲು ಒಂದು ದಾರಿಯಿದೆ. ಕಾಲದ ಚೂರನ್ನು ಇನ್ನೂ ಚಿಕ್ಕದು ಮಾಡಬೇಕು. ಇಂಥ ಹಗುರ ಬಟ್ಟೆಯಲ್ಲಿ ಲೆಕ್ಕದ ಕಾಯಿಲೆಯಾದರೆ ಚೂರು ಚಿಕ್ಕದಾದಷ್ಟೂ ಹೆಚ್ಚುತ್ತದೆ. ಬಟ್ಟೆಯದೇ ಆದರೆ ಇದ್ದ ಹಾಗೇ ಇರುತ್ತದೆ. ಫೆಬ್ರವರಿ ಕೊನೆಯಲ್ಲಿ ಮಂದತನ ತೆಗೆದು, ಚೂರನ್ನು ಅರ್ಧ ಮಾಡಿ ನೋಡಿದೆ. ಸೆಕೆಂಡಿಗೆ ಏಳೆಂಟು ಸಲ. ಹೆಚ್ಚಲಿಲ್ಲ, ಕಮ್ಮಿಯೂ ಆಗಲಿಲ್ಲ. ಭಯವಾಯಿತು. ಮೇಲಧಿಕಾರಿಗೆ ಹೇಳಿದರೆ ಎಲ್ಲ ಮೊದಲಿನಿಂದ ಮಾಡಬೇಕು, ಕೆಲಸ ಬೇರೆ ಗುಂಪಿಗೆ ಹೋಗುತ್ತದೆ. ಅದಕ್ಕೇ ನಿನ್ನನ್ನು ಕೇಳಿದ್ದು. ನೀನು ಇಲ್ಲ ಅಂದೆ. ಹಾಗಾದರೆ ಕಾಯಿಲೆ ನನ್ನ ಲೆಕ್ಕದ್ದೇ ಅಂತ ನಂಬಿ ಮಂದತನವನ್ನು ವಾಪಸ್ ಹಾಕಿದೆ.

ನಾನು ನಿನ್ನ ಮಾತು ನಂಬಿ ಸಹಿ ಹಾಕಿದೆ. ನೀನು ನನ್ನ ಸಹಿ ನಂಬಿ ಡಾಕ್ಟರ ಹತ್ತಿರ ಹೋದೆ.

ನಿನ್ನ ತಂಗಿ


ಏಪ್ರಿಲ್ 16

ತಂಗಿಗೆ,

ನಿನ್ನಿಂದ ಇನ್ನೂ ಏನೂ ಬಂದಿಲ್ಲ. ಸತ್ತವನು ನಾನು ಅಂತ ಅಂದುಕೊಂಡಿದ್ದೀಯೋ ಏನೋ. ನಾನಿದ್ದೇನೆ. ಉದ್ದಣ್ಣ ಹೋದ.

ಅವತ್ತು ಅಮ್ಮ ಅಂದುಕೊಂಡ ಕೆಲಸವನ್ನೇ ಮಾಡಿದೆ. ಕೆಳಗೆ ನಿಂತು ದುರ್ಬೀನು ಹಿಡಿದೆ. ಬಟ್ಟೆ ಅರಳಿತು, ಅಂಚು ನಡುಗತೊಡಗಿತು. ನನ್ನ ಕೈ ಅಲ್ಲಾಡಿ ಹಾಗೆ ಕಾಣುತ್ತಿದೆ ಅಂದುಕೊಂಡೆ. ದುರ್ಬೀನನ್ನು ಜೀಪಿನ ಬಾನೆಟ್ ಮೇಲೆ ಊರಿ ನೋಡಿದೆ. ಆಗಲೂ ನಡುಗುತ್ತಿತ್ತು. ಆಮೇಲೆ ಒಂದು ಕಡೆಯ ಅಂಚು ಒಳಕ್ಕೆ ಹೋಯಿತು, ಗಾಳಿ ಖಾಲಿಯಾಯಿತು. ಎದೆಗೆ ಕಟ್ಟಿದ ಚಿಕ್ಕ ಪ್ಯಾರಾಚೂಟನ್ನು ಬಿಚ್ಚಿದ. ಅದು ಹೋಗಿ ದೊಡ್ಡದಕ್ಕೇ ಸುತ್ತಿಕೊಂಡಿತು.

ನಿನ್ನೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಬೆರಳಿಗೆಲ್ಲ ತಂತಿ ಕಟ್ಟಿ ನೋಡಿದರು. ಡಾಕ್ಟರು ನಗುತ್ತಾ ಕೈ ಕುಲುಕಿದರು. ಏನೂ ಇಲ್ಲವಂತೆ. ಮತ್ತೆ ಹಾರಬಹುದಂತೆ.

ಸ್ಟೂಲ್ ಮಂಚದ ತುದಿಯಲ್ಲೇ ಇದೆ. ತೆಗೆದಿಡಲು ಕೈ ಬರುತ್ತಿಲ್ಲ.

ಅಣ್ಣ


ಏಪ್ರಿಲ್ 29

ಅಣ್ಣಾ,

ಈ ಹೊತ್ತಿಗೆ ನನ್ನ ಕಾಗದ ನಿನಗೆ ತಲುಪಿರುತ್ತದೆ. ನಿನಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಸಿಟ್ಟಿನಲ್ಲೇ ಬರಿ.

ಮಂದತನ ಪೂರ್ತಿ ತೆಗೆದು, ಗಾಳಿ ಮತ್ತು ಬಟ್ಟೆ ಒಂದೊಂದು ಚೂರಿನಲ್ಲೂ ಒಪ್ಪಿಗೆಗೆ ಬರುವವರೆಗೆ ಮಾತಾಡಿಕೊಳ್ಳಲು ಬಿಟ್ಟೆ. ಮುಂದಿನ ಚೂರಿಗೆ ಆಮೇಲೆಯೇ ಹೋಗುವುದು. ಬಹಳ ನಿಧಾನ, ಆದರೆ ಸಾಧ್ಯವಿಲ್ಲದ್ದೇನಲ್ಲ. ಮೊದಲೇ ಮಾಡಬಹುದಿತ್ತು. ಪೂರ್ತಿ ವೇಗದಲ್ಲಿ ಅಂಚು ನಡುಗುತ್ತದೆ, ಒಂದು ಕಡೆ ಒಳಕ್ಕೆ ಹೋಗುತ್ತದೆ, ಬಟ್ಟೆ ಮಡಚಿಕೊಳ್ಳುತ್ತದೆ. ನೀನು ಬಾನೆಟ್ ಮೇಲೆ ಊರಿ ನೋಡಿದ್ದನ್ನು ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಕೆಳಗೆ ನೇತಾಡುವ ಭಾರವನ್ನು ನಾವು ಒಂದು ಚುಕ್ಕಿಯಾಗಿ ಬರೆಯುತ್ತೇವೆ. ಆ ಚುಕ್ಕಿ ಬೀಳುವುದನ್ನು ನೋಡಲಾಗದೆ ಪರದೆ ಆರಿಸಿದೆ.

ಎಲ್ಲವನ್ನೂ ಬರೆದು ವಿಚಾರಣೆಯವರಿಗೆ ಕೊಟ್ಟಿದ್ದೇನೆ. ಫೆಬ್ರವರಿಯಲ್ಲೇ ನೋಡಿದ್ದೆ ಅನ್ನುವುದನ್ನೂ. ಮೇಲಧಿಕಾರಿ "ಅದೊಂದು ಸಾಲು ತೆಗೆದುಬಿಡಿ" ಅಂದರು. ತೆಗೆಯಲಿಲ್ಲ. ನಿನ್ನ ಹೆಸರು ಹಾಕಿಲ್ಲ. ನಿನ್ನದನ್ನು ನೀನೇ ಹೇಳಬೇಕು. ಸೋಮವಾರದಿಂದ ಕೆಲಸಕ್ಕೆ ಬರಬೇಡಿ ಅಂದಿದ್ದಾರೆ. ಅಮ್ಮನಿಗೂ ಹೇಳಿದೆ, ನೀನು ಹಾರುವವನು ಅನ್ನುವುದನ್ನು ಸೇರಿಸಿ. "ಕಾಲುಚೀಲ ಹೆಣೆಯೋವಾಗ್ಲೇ ಗೊತ್ತಿತ್ತು" ಅಂದಳು. ಗೊತ್ತಿತ್ತೋ ಇಲ್ಲವೋ, ಬಾಗಿಲು ಹಾಕಿಕೊಂಡು ಒಳಗೆ ಮಲಗಿದವಳು ಸಂಜೆಯವರೆಗೆ ಏಳಲಿಲ್ಲ.

ಒಂದೇ ಒಂದು ಕೇಳುತ್ತೇನೆ, ಮುಚ್ಚಿಡಬೇಡ. ಹಾರುವ ಮುಂಚೆ ಅವರು ನಿನ್ನ ಹತ್ತಿರ ಬಟ್ಟೆಯ ವಿಷಯ ಕೇಳಿದರೇ? ನೀನು ಏನು ಹೇಳಿದೆ?

ನಿನ್ನ ತಂಗಿ


ಮೇ 12

ತಂಗಿಗೆ,

ಸಿಟ್ಟು ಬಂದಿತ್ತು. ನಿನ್ನ ಹನ್ನೆರಡನೇ ತಾರೀಖಿನ ಕಾಗದವನ್ನು ಮುದುರಿ ಎಸೆದೆ, ಆಮೇಲೆ ಹೆಕ್ಕಿ ತಂದೆ. ಇಬ್ಬರಲ್ಲಿ ಯಾರ ತಪ್ಪು ಹೆಚ್ಚು ಅಂತ ತೂಗಿ ನೋಡುವ ಶಕ್ತಿ ನನಗಿಲ್ಲ. ನನ್ನದನ್ನು ನಾನೂ ಹೇಳಿ ಬಂದಿದ್ದೇನೆ. ಉದ್ದಣ್ಣನ ಹೆಂಡತಿ ಅವನ ಸಾಮಾನು ಒಯ್ಯಲು ಬಂದಿದ್ದರು. ಅವರಿಗೂ ಹೇಳಿದೆ. ಪೆಟ್ಟಿಗೆ ಹೊತ್ತುಕೊಡಲು ಹೋದಾಗ "ಬೇಡ, ಬಿಡಿ" ಅಂದು ತಾವೇ ಎಳೆದುಕೊಂಡು ಹೋದರು. ನಾನು ಇನ್ನು ಹಾರುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ಕೇಳಿದ.

ಬೆಳಿಗ್ಗೆ ಪಟ್ಟಿ ಬಿಗಿಯಲು ನಾನೇ ಹೋಗಿದ್ದೆ. ಭುಜದ ಪಟ್ಟಿ ಎಳೆಯುತ್ತಿದ್ದಾಗ ಅವನು, "ನೀನು ಮೂರು ಸಲ ಹಾರಿದ್ದೀಯಲ್ಲ, ಬಟ್ಟೆ ಹೇಗಿದೆ? ನಿಜ ಹೇಳು" ಅಂದ.

"ಬಟ್ಟೆ ಬಂಗಾರ ಕಣೋ. ನಮ್ಮ ತಂಗಿ ಲೆಕ್ಕ ಮಾಡಿ ಸಹಿ ಹಾಕಿದ್ದಾಳೆ. ನನ್ನ ಕೈಯೇ ಸರಿಯಿಲ್ಲ" ಅಂದೆ.

ಅವನು ನನ್ನ ಎರಡೂ ಕೈ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ಎಲ್ಲಿ ನಡುಗ್ತಿದೆಯೋ? ಕಲ್ಲಿನ ಹಾಗಿದೆ" ಅಂದ. ಆಮೇಲೆ ನಕ್ಕು ವಿಮಾನ ಹತ್ತಿದ.

ನಿನ್ನಣ್ಣ